ಹಾವು ಕಚ್ಚಿರಲಿಲ್ಲ

ಬೆಳಗಿನಿಂದ ಮೂರು ಸಲ ಬೇವಿನ ಮರದ ಹಿಂದೆ ಹೋಗಿ ಕುಳಿತರೂ ಹಾಲಸಿದ್ದನಿಗೆ ಮೂತ್ರ ಬರಲಿಲ್ಲ. ಮೊದಲ ಸಲ ನಾಲ್ಕು ಹನಿ ಬಿದ್ದಿತ್ತು. ಎರಡನೆಯ ಸಲ ಅದೂ ಇಲ್ಲ. ಮೂರನೆಯ ಸಲ ಕಿಬ್ಬೊಟ್ಟೆ ಬಿಗಿದು ಉಸಿರು ಸಿಕ್ಕಿಕೊಂಡಂತಾಗಿ, ಮರದ ಬೊಡ್ಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಆಗ ಬೆನ್ನ ಹಿಂದೆ ಅಣ್ಣನ ದನಿ ಕೇಳಿಸಿತು.

'ತಮ್ಮಾ, ನೀರ ಕೊಡ.'

ಹಾಲಸಿದ್ದ ತಿರುಗಿ ನೋಡಲಿಲ್ಲ. ನೋಡಿದರೆ ಕಬ್ಬು ಕಡಿದ ಬೋಳು ಹೊಲ, ಅದರಲ್ಲಿ ತನ್ನವೇ ನಲವತ್ತು ಕುರಿ, ಅಷ್ಟೇ ಇರುತ್ತವೆಂದು ಅವನಿಗೆ ಗೊತ್ತಿತ್ತು. ಅಣ್ಣ ಭರಮು ಸತ್ತು ಹದಿಮೂರು ವರ್ಷವಾಗಿತ್ತು. ದನಿ ಮಾತ್ರ ಹೋಗಿರಲಿಲ್ಲ. ಬೇರೆ ಹೊತ್ತಿನಲ್ಲಿ ಸುಮ್ಮನಿರುತ್ತಿತ್ತು. ಮೂತ್ರಕ್ಕೆ ಕುಳಿತಾಗ ಬರುತ್ತಿತ್ತು.

ಅದು ೧೯೮೯ರ ಮಾರ್ಚ್. ಚಿಂಚಲಿಯಿಂದ ಎರಡು ಹರದಾರಿ ಆಚೆಗಿನ ಒಂದು ಚಿಕ್ಕ ಊರು ಅವನದು. ಎರಡು ಎಕರೆ ಹೊಲ, ಕುರಿಗಳು, ತಾಯಿ ಮಲಕವ್ವ, ಮದುವೆಯಾಗಿ ಎರಡೂವರೆ ವರ್ಷವಾಗಿದ್ದ ಹೆಂಡತಿ ಸುಂದರಾ. ವಯಸ್ಸು ಇಪ್ಪತ್ತೇಳು. ನಡು ಹರೆಯದಲ್ಲೇ ಅವನ ಮುಂದೊಗಲು ಬಿಗಿಯಾಗಿತ್ತು. ಹಿಂದೆ ಸರಿಯುತ್ತಿರಲಿಲ್ಲ. ವರ್ಷಕ್ಕೆರಡು ಸಲ ಬಾತು, ಉರಿದು, ಸೀಳಿ, ಮಾಯುತ್ತಿತ್ತು. ಪ್ರತಿ ಸಲ ಮಾಯುವಾಗಲೂ ತೊಗಲು ಇನ್ನಷ್ಟು ಗಟ್ಟಿಯಾಗಿ, ಬಾಯಿ ಇನ್ನಷ್ಟು ಸಣ್ಣದಾಗುತ್ತಿತ್ತು. ಮದುವೆಯಾದ ಮೇಲೆ ಹೆಂಡತಿಯ ಹತ್ತಿರ ಹೋದ ಮೊದಲ ಕೆಲವು ಸಲ ಅವನು ನೋವಿನಿಂದ ಹಲ್ಲು ಕಚ್ಚಿ ಎದ್ದು ಹೊರಗೆ ಬಂದಿದ್ದ. ಆಮೇಲೆ ಹೋಗುವುದನ್ನೇ ಬಿಟ್ಟ. ಕುರಿಗಳ ಹತ್ತಿರ ಮಲಗತೊಡಗಿದ. ಯಾಕೆಂದು ಸುಂದರಾಗೆ ಹೇಳಲಿಲ್ಲ. ಊರಿನ ಹೆಂಗಸರು ಅವಳ ಹೊಟ್ಟೆಯ ಕಡೆ ನೋಡಿ ಮಾತಾಡಿಕೊಂಡರು. ಅವಳು ತಲೆ ತಗ್ಗಿಸಿಕೊಂಡು ನೀರು ಹೊತ್ತಳು.

ಆ ದಿನ ಮಧ್ಯಾಹ್ನ ಬುತ್ತಿ ತಂದ ಸುಂದರಾ ಗಂಡ ಮರದ ಬುಡದಲ್ಲಿ ಮಡಚಿಕೊಂಡು ಬಿದ್ದಿರುವುದನ್ನು ಕಂಡಳು. ಅವನು ಮುಖ ಮುಚ್ಚಿಕೊಂಡ.

"ಏನಾಗೇತ್ರಿ? ನನ್ನ ಮುಂದ ಹೇಳ್ರಿ."

"ಉಚ್ಚಿ ಕಟ್ಟೇತಿ. ನಿನ್ನಿ ಸಂಜಿಂದ."

ಅವಳು ಬುತ್ತಿಯ ಗಂಟನ್ನು ಅಲ್ಲೇ ಬಿಟ್ಟು ಓಡಿದಳು. ಪಕ್ಕದ ಹೊಲದ ಸತ್ತೆಪ್ಪನ ಟ್ರ್ಯಾಕ್ಟರ್ ತರಿಸಿ, ಅತ್ತೆಯನ್ನೂ ಹತ್ತಿಸಿಕೊಂಡು ಬಂದಳು. ರಾಯಬಾಗದ ತನಕ ಟ್ರ್ಯಾಕ್ಟರು, ಅಲ್ಲಿಂದ ಚಿಕ್ಕೋಡಿಗೆ ಬಸ್ಸು. ಬಸ್ಸು ಕುಲುಕಿದಾಗಲೆಲ್ಲ ಹಾಲಸಿದ್ದ ನರಳುತ್ತಿದ್ದ. ಮಲಕವ್ವ ದಾರಿಯುದ್ದಕ್ಕೂ ಮಗನ ಮುಖ ನೋಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಚಿಕ್ಕೋಡಿಯಲ್ಲಿ ವಿರುಪಾಕ್ಷಪ್ಪ ಎಂಬ ಡಾಕ್ಟರರ ದವಾಖಾನೆಗೆ ಹೋದರು. ಐವತ್ತು ದಾಟಿದ, ಸಣ್ಣ ದನಿಯ ಮನುಷ್ಯ. ನೋಡಿದ ಕೂಡಲೇ ಅವರು ಬಹಳ ತೆಳುವಾದ ನಳಿಕೆಯೊಂದನ್ನು ಹೇಗೋ ಒಳಗೆ ಸೇರಿಸಿ ಮೂತ್ರ ತೆಗೆದರು. ಹಾಲಸಿದ್ದನ ಕಣ್ಣಲ್ಲಿ ನೀರು ಹರಿಯಿತು. ಅದು ನೋವಿನದೋ ನೋವು ಹೋದದ್ದರದೋ ಅವನಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತರು.

"ಇದು ಮತ್ತ ಕಟ್ಟತೈತಿ ತಮ್ಮಾ. ಇವತ್ತಿಲ್ಲ ನಾಳೆ. ಮೊದಲ ಬಂದಿದ್ರ ಮುಲಾಮ ಹಚ್ಚಿ ನೋಡತಿದ್ದೆ. ಈಗ ತೊಗಲ ಗಾಯ ಆಗಿ ಆಗಿ ಗಟ್ಟಿ ಆಗೇತಿ, ಮುಲಾಮಕ್ಕ ಬಗ್ಗೂದಿಲ್ಲ. ಮುಂದಿನ ತೊಗಲ ತಗದ ಬಿಡಬೇಕ."

ಹಾಲಸಿದ್ದ ಎದ್ದು ಕುಳಿತ. "ಬ್ಯಾಡ್ರಿ."

"ಯಾಕ? ಜಾತಿ ಕೆಡತೈತಿ ಅಂತ ಅಂಜಿಕಿ ಏನ? ಇದು ಬ್ಯಾನಿಗೆ ಮದ್ದ, ಜಾತಿಗೆ ಸಂಬಂಧ ಇಲ್ಲ. ಎಲ್ಲಾ ಮನಿತನದಾವ್ರಿಗೂ ಮಾಡೇನಿ ನಾನು."

"ಜಾತಿ ಅಲ್ರಿ." ಅವನು ಮಂಚದಿಂದ ಕಾಲು ಇಳಿಬಿಟ್ಟ. "ನನ್ನ ಕಳಸ್ರಿ. ಊರಿಗೆ ಹೊಕ್ಕೇನಿ."

ಡಾಕ್ಟರು ಅವಸರ ಮಾಡಲಿಲ್ಲ. ಏನೇನು ಆಗುತ್ತದೆಂದು ಒಂದೊಂದಾಗಿ ಹೇಳಿದರು. ಬುಡಕ್ಕೆ ಎರಡು ಮೂರು ಸೂಜಿ ಕೊಡುತ್ತಾರೆ; ಆ ಸೂಜಿ ಚುರುಕ್ಕೆನ್ನುತ್ತದೆ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಆಮೇಲೆ ಜಗ್ಗಿದ್ದು ತಿಳಿಯುತ್ತದೆ, ಕೊಯ್ದದ್ದು ತಿಳಿಯುವುದಿಲ್ಲ. ಅರ್ಧ ತಾಸು, ಬಹಳವೆಂದರೆ ಮುಕ್ಕಾಲು ತಾಸು. ಕರಗಿ ತಾವೇ ಬಿದ್ದುಹೋಗುವ ದಾರದ ಹೊಲಿಗೆ. ಮದ್ದಿನ ಮಂಪರು ಇಳಿದ ಮೇಲೆ ಮೂರು ನಾಲ್ಕು ದಿನ ಚೆನ್ನಾಗಿಯೇ ನೋಯುತ್ತದೆ, ಗುಳಿಗೆ ಕೊಡುತ್ತಾರೆ. ಬಾವು ಬರುತ್ತದೆ, ನೀಲಿಗಟ್ಟುತ್ತದೆ, ನೋಡಿ ಹೆದರಬಾರದು. ಬೆಳಗಿನ ಜಾವ ಗಂಡಸರಿಗೆ ತಾನಾಗಿಯೇ ಬಿಗಿಯುತ್ತದಲ್ಲ, ಆಗ ಹೊಲಿಗೆ ಜಗ್ಗಿ ಜೀವ ಹೋದಂತಾಗುತ್ತದೆ. ಎದ್ದು ನಾಲ್ಕು ಹೆಜ್ಜೆ ಅಡ್ಡಾಡಬೇಕು. ಎರಡು ವಾರ ಕುರಿಯ ಹಿಂದೆ ನಡೆಯುವಂತಿಲ್ಲ. ಒಂದೂವರೆ ತಿಂಗಳು ಹೆಂಡತಿಯ ಸಂಗ ಮಾಡುವಂತಿಲ್ಲ.

"ಆಮ್ಯಾಲ ಸರಾಗ ಉಚ್ಚಿ ಹೊಕ್ಕೈತಿ. ಮ್ಯಾಲಿಂದ ಮ್ಯಾಲ ಬಾಯೂದು, ಸೀಳೂದು ನಿಂದರತೈತಿ. ತೊಳದ ಸ್ವಚ್ಛ ಇಡಾಕ ಬರತೈತಿ. ಸಂಸಾರಾನೂ ನೆಟ್ಟಗ ಆಗತೈತಿ." ಬಾಗಿಲಲ್ಲಿ ನಿಂತಿದ್ದ ಸುಂದರಾಳತ್ತ ನೋಡದೆಯೇ ಅವರು ಈ ಮಾತು ಹೇಳಿದರು. "ಅಪಾಯ ಇಲ್ಲಂತ ಅಲ್ಲ. ಕೆಲವರಿಗೆ ಕೀವ ಆಗತೈತಿ. ನೂರಾಗ ಒಬ್ಬಿಬ್ಬರಿಗೆ ರಕ್ತ ಜಾಸ್ತಿ ಹೊಕ್ಕೈತಿ, ಮತ್ತ ಒಂದ ಹೊಲಿಗಿ ಹಾಕಬೇಕಾಗತೈತಿ. ಅದಕ್ಕ ಕೇಳತೇನಿ, ನಿಮ್ಮ ಮನ್ಯಾಗ ಯಾರಿಗರೆ ರಕ್ತ ಹೊಂಟರ ನಿಂದರದಂಥಾ ಬ್ಯಾನಿ ಐತೇನು?"

"ಇಲ್ರಿ," ಎಂದಳು ಮಲಕವ್ವ ತಟ್ಟನೆ.

ಹಾಲಸಿದ್ದ ತಾಯಿಯ ಕಡೆ ನೋಡಿದ. ಹದಿಮೂರು ವರ್ಷದಲ್ಲಿ ಇಬ್ಬರೂ ಈ ಮಾತಿನ ಹತ್ತಿರ ಹೋಗಿರಲಿಲ್ಲ.

"ಯವ್ವಾ, ಹೇಳ ಬೇ."

"ಏನ ಹೇಳ್ಲಿ? ನಿಮ್ಮಣ್ಣಗ ಹಾವ ಕಚ್ಚಿತ್ತು. ಊರಿಗೆಲ್ಲಾ ಗೊತ್ತೈತಿ."

"ಹಾವ ಕಚ್ಚಿರಲಿಲ್ರಿ ಡಾಕ್ಟರ್ರ," ಎಂದ ಹಾಲಸಿದ್ದ. ಆಮೇಲೆ ಎಲ್ಲವನ್ನೂ ಅವನೇ ಹೇಳಿದ.

ಭರಮುಗೆ ಆಗ ಇಪ್ಪತ್ತೆರಡು. ತಂದೆ ಸತ್ತು ನಾಲ್ಕು ವರ್ಷವಾಗಿತ್ತು. ಮನೆಗೆ ಅವನೇ ಹಿರಿಯ. ರಾಮವ್ವ ಎಂಬ ಹುಡುಗಿಯೊಂದಿಗೆ ಲಗ್ನ ಗೊತ್ತಾಗಿ, ಇನ್ನೊಂದು ತಿಂಗಳಿತ್ತು. ಅವನಿಗೂ ಇದೇ ಬೇನೆ. ನಾಚಿಕೆ ಬಿಟ್ಟು ತಾಯಿಯ ಮುಂದೆ ಹೇಳಿಕೊಂಡ. ಊರ ಹೊರಗೆ ಬೇರು, ತಾಯತ ಮಾರುವ ಅಲೆಮಾರಿಯೊಬ್ಬ ಬಂದು ಇಳಿದಿದ್ದ. ತೊಗಲು ಕೊಯ್ದು ಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ಮಲಕವ್ವ ಅವನನ್ನು ಹೊಲದ ಗುಡಿಸಲಿಗೆ ಕರೆಸಿದಳು. ಮುಂಜಾನೆಯ ಹೊತ್ತು. ಹದಿನಾಲ್ಕು ವರ್ಷದ ಹಾಲಸಿದ್ದ ಅಣ್ಣನ ತಲೆ ಹಿಡಿದುಕೊಂಡಿದ್ದ. ಅಲೆಮಾರಿ ಕ್ಷೌರದ ಕತ್ತಿಯಿಂದ ಕೊಯ್ದು, ಅರಿಸಿನ ಮತ್ತು ಬೂದಿ ಮೆತ್ತಿ ಬಟ್ಟೆ ಸುತ್ತಿದ. ಬಟ್ಟೆ ತೊಯ್ದಿತು. ಇನ್ನೊಂದು ಸುತ್ತಿದ. ಅದೂ ತೊಯ್ದಿತು. ನೀರು ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ.

ಭರಮು ಮಧ್ಯಾಹ್ನದ ತನಕ ಮಾತಾಡುತ್ತಿದ್ದ. ಆಮೇಲೆ ನೀರು ಮಾತ್ರ ಕೇಳಿದ. ಕೊಟ್ಟಷ್ಟೂ ಕೇಳಿದ. ಸೂರ್ಯ ಇಳಿಯುವ ಮುಂಚೆ ಸುಮ್ಮನಾದ. ಮಲಕವ್ವ ರಕ್ತದ ಬಟ್ಟೆಗಳನ್ನು ಸುಟ್ಟು, ಮಗನ ಹಿಮ್ಮಡಿಗೆ ಮುಳ್ಳಿನಿಂದ ಎರಡು ತೂತು ಚುಚ್ಚಿ, ಬದುವಿನ ಮೇಲೆ ಹಾವು ಕಚ್ಚಿತೆಂದು ಬಾಯಿ ಬಡಿದುಕೊಂಡಳು.

"ನನ್ನ ಲಗ್ನದಾಗ ಅರಿಸಿನ ಹಚ್ಚಿದಾಗ ನಾ ವಾಂತಿ ಮಾಡ್ಕೊಂಡ್ನಿ," ಎಂದ ಹಾಲಸಿದ್ದ. "ನಮ್ಮ ರಕ್ತದಾಗ ಅದ ಐತಿ ಅಂತ ನನಗ ಖಾತ್ರಿ ಐತ್ರಿ. ಕೊಯ್ದ್ರ ನಾನೂ ಹಂಗ ಹೊಕ್ಕೇನಿ."

ಬಾಗಿಲ ಬಳಿ ಸುಂದರಾ ಗೋಡೆಗೊರಗಿ ನಿಧಾನವಾಗಿ ಕುಕ್ಕರಿಸಿದಳು. ಎರಡೂವರೆ ವರ್ಷ ತನ್ನಲ್ಲಿ ಏನು ಕೊರತೆಯಿದೆಯೆಂದು ಹುಡುಕಿಕೊಂಡಿದ್ದಳು ಅವಳು.

ಡಾಕ್ಟರು ಹಾಲಸಿದ್ದನ ನಾಡಿ ಹಿಡಿದು ನೋಡಿದರು. ಆಮೇಲೆ ಮಲಕವ್ವನ ಕಡೆ ತಿರುಗಿದರು. "ಯವ್ವಾ, ಭರಮು ಸಣ್ಣಾವ ಇದ್ದಾಗ ಹಲ್ಲ ಬಿದ್ರ ರಕ್ತ ನಿಂದರತಿತ್ತೇನ?"

"ನಿಂದರತಿತ್ರಿ."

"ಕಾಲಿಗೆ ಏನರೆ ಹೊಡದ್ರ?"

"ಒಮ್ಮೆ ಕುಡಗೋಲ ಬಡದಿತ್ರಿ. ಮೊಣಕಾಲಿಗೆ. ಅರಿವಿ ಕಟ್ಟಿದ್ನಿ, ನಿಂತ್ತು." ಅವಳ ದನಿ ಸಣ್ಣದಾಗುತ್ತಿತ್ತು. "ಈ ಹುಡುಗಂದೂ ಹಂಗ. ಕುರಿ ಕತ್ತರಿ ಬಡದ್ರ ಬಾಯಾಗ ಇಟ್ಕೋತಾನ, ನಿಂದರತೈತಿ."

ಡಾಕ್ಟರು ಹಾಲಸಿದ್ದನ ಬೆರಳಿನ ತುದಿ ಚುಚ್ಚಿ, ಅರ್ಧರ್ಧ ನಿಮಿಷಕ್ಕೆ ಕಾಗದದಿಂದ ರಕ್ತ ಒರೆಸುತ್ತ ಗಡಿಯಾರ ನೋಡಿದರು. ಎರಡೂವರೆ ನಿಮಿಷಕ್ಕೆ ಕಾಗದದ ಮೇಲೆ ಕಲೆ ಮೂಡುವುದು ನಿಂತಿತು. ಇನ್ನೊಂದು ಹನಿಯನ್ನು ಗಾಜಿನ ಸಣ್ಣ ನಳಿಕೆಯಲ್ಲಿ ತೆಗೆದುಕೊಂಡು ಹೆಪ್ಪುಗಟ್ಟುವುದನ್ನೂ ನೋಡಿದರು.

"ನಿನ್ನ ರಕ್ತ ಛಲೋ ಐತಿ. ನಿಮ್ಮಣ್ಣಂದೂ ಛಲೋನ ಇತ್ತು ಅನಸ್ತೈತಿ. ಆ ತೊಗಲಿನ ಕೆಳಗ ಒಂದ ಸಣ್ಣ ನರ ಐತಿ, ರಕ್ತದ್ದು. ಅದನ್ನ ಕೊಯ್ದ ಮ್ಯಾಲ ಹಿಡದ ಕಟ್ಟಬೇಕ. ಅಂವ ಕಟ್ಟಲಿಲ್ಲ."

ಹಾಲಸಿದ್ದನ ಎದೆಯಿಂದ ಏನೋ ಇಳಿದಂತಾಯಿತು. ಆದರೆ ಮಲಕವ್ವ ನಿಂತಲ್ಲೇ ನಿಂತಿದ್ದಳು.

"ಅವತ್ತ ಚಕ್ಕಡಿ ಹೂಡಿ ದವಾಖಾನಿಗೆ ತಂದಿದ್ರ ಉಳೀತಿದ್ನೇನ್ರಿ?"

"ಅದನ್ನ ಈಗ ಯಾಕ ಕೇಳ್ತಿ ಯವ್ವಾ."

"ಹೇಳ್ರಿ. ಎತ್ತ ಗ್ವಾದಲ್ಯಾಗ ಇದ್ವು. ಚಕ್ಕಡಿ ಬಾಗಲಾಗ ಇತ್ತು. ಹೂಡಿದ್ರ ಊರ ಮಂದಿ ನೋಡತಾರ, ಬೀಗರಿಗೆ ಗೊತ್ತಾಗತೈತಿ, ಲಗ್ನ ಮುರೀತೈತಿ ಅಂತ ನಾ ಹೂಡಲಿಲ್ಲ. ಇನ್ನ ನಿಂದರತೈತಿ, ಇನ್ನ ನಿಂದರತೈತಿ ಅಂತ ಕುಂತ್ನಿ. ಹೇಳ್ರಿ."

ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ದಾರಿಯುದ್ದಕ್ಕೂ ಬೆರಳಿಂದ ಒತ್ತಿ ಹಿಡಕೊಂಡ ಬಂದಿದ್ರ ಉಳೀತಿದ್ದ."

ಮಲಕವ್ವ ತಲೆಯಾಡಿಸಿದಳು, ಯಾರೋ ಬಸ್ಸಿನ ವೇಳೆ ಹೇಳಿದಂತೆ. ಆಮೇಲೆ ಹೊರಗೆ ಹೋಗಿ ದವಾಖಾನೆಯ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕುಳಿತಳು. ಸುಂದರಾ ಹೋಗಿ ನೆರಳಿಗೆ ಕರೆದರೂ ಏಳಲಿಲ್ಲ.

ಮರುದಿನ ಹಾಲಸಿದ್ದ ಒಪ್ಪಿಕೊಂಡ. ಸೂಜಿ ಚುಚ್ಚಿದಾಗ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ಉರಿಯಿತು. ಮಂಚದ ಪಟ್ಟಿ ಹಿಡಿದು 'ಯಪ್ಪಾ' ಎಂದ. ಸ್ವಲ್ಪ ಹೊತ್ತಿಗೆ ಸೊಂಟದ ಮುಂಭಾಗ ತನ್ನದಲ್ಲವೆಂಬಂತೆ ಮರಗಟ್ಟಿತು. ಎದೆಯ ಮೇಲಿನಿಂದ ಹಸಿರು ಬಟ್ಟೆ ಅಡ್ಡ ಕಟ್ಟಿದ್ದರು. ಕತ್ತರಿಯ ಕಟಕಟ ಸದ್ದು ಕೇಳುತ್ತಿತ್ತು. ಅವನು ಕಣ್ಣು ಮುಚ್ಚಿದರೆ ಗುಡಿಸಲಿನ ಮಾಡು ಕಾಣುತ್ತಿತ್ತು, ತೆರೆದರೆ ದೀಪ. ಅದಕ್ಕೇ ಕಣ್ಣು ತೆರೆದುಕೊಂಡೇ ಇದ್ದ.

"ಆ ನರ ಸಿಕ್ಕೇತಿ ನೋಡ," ಎಂದರು ಡಾಕ್ಟರು. "ಕಟ್ಟಾಕತ್ತೇನಿ."

ಅವನು ದೀಪವನ್ನೇ ನೋಡಿದ. ಅಷ್ಟು ಸಣ್ಣದೇ ಅದು, ಒಂದು ದಾರದ ತುಂಡಿನಿಂದ ಕಟ್ಟುವಷ್ಟು ಸಣ್ಣದೇ, ಎಂದು ಅನ್ನಿಸಿತು.

ಮೊದಲ ಸಲ ಮೂತ್ರಕ್ಕೆ ಹೋದಾಗ ಬೆಂಕಿ ಹರಿದಂತಾಯಿತು. ಆದರೆ ಅಡ್ಡಿಯಿಲ್ಲದೆ ಹರಿಯಿತು. ಎರಡು ದಿನಕ್ಕೆ ಪಟ್ಟಿ ಬಿಚ್ಚಿ ನೋಡಿದಾಗ ಬಾತು, ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಮೊದಲೇ ಕೇಳಿದ್ದರಿಂದ ಅವನು ಹೆದರದಿರಲು ನೋಡಿದ. ಗುಳಿಗೆ, ಮುಲಾಮು ಕೊಟ್ಟು, ರಕ್ತ ಬಂದರೆ ಏನು ಮಾಡಬೇಕೆಂದು ಸುಂದರಾಗೂ ತಿಳಿಸಿ, ಹತ್ತು ದಿನ ಬಿಟ್ಟು ಬರಲು ಹೇಳಿ ಡಾಕ್ಟರು ಮನೆಗೆ ಕಳಿಸಿದರು.

ಐದನೆಯ ದಿನ ನಸುಕಿನಲ್ಲಿ, ಡಾಕ್ಟರು ಹೇಳಿದಂತೆಯೇ, ಹೊಲಿಗೆ ಜಗ್ಗಿ ಹಾಲಸಿದ್ದ ಚೀರಿಕೊಂಡು ಎದ್ದ. ಎದ್ದು ನಿಂತಾಗ ತೊಡೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು. ಕೈಯಿಟ್ಟು ನೋಡಿದ. ರಕ್ತ. ಧೋತರದ ಮೇಲೆ ಅಂಗೈಯಗಲ ಕಲೆ ಹರಡಿತ್ತು. ಮನೆಯಲ್ಲಿ ಅರಿಸಿನದ ವಾಸನೆ ತುಂಬಿದಂತಾಯಿತು. ಮೂಲೆಯಲ್ಲಿ ಯಾರೋ ಮಲಗಿದ್ದರು, ಒಣಗಿದ ತುಟಿಯವರು.

"ಬಂತು," ಎಂದ ಅವನು. "ಅಣ್ಣ ಬಂದ. ನನ್ನ ಕರಕೊಂಡ ಹೋಗಾಕ ಬಂದ."

ಸುಂದರಾ ದೀಪ ಏರಿಸಿದಳು. ಮೂಲೆಯಲ್ಲಿ ಉಣ್ಣೆಯ ಗಂಟು ಬಿಟ್ಟರೆ ಏನೂ ಇರಲಿಲ್ಲ. ಅವಳು ಗಂಡನನ್ನು ಅಂಗಾತ ಮಲಗಿಸಿ, ದವಾಖಾನೆಯಿಂದ ತಂದ ಶುದ್ಧ ಪಟ್ಟಿಯನ್ನು ಮಡಿಸಿ, ರಕ್ತ ಜಿನುಗುತ್ತಿದ್ದ ಕಡೆ ಇಟ್ಟು ಗಟ್ಟಿಯಾಗಿ ಒತ್ತಿದಳು. ಇಷ್ಟು ದಿನ ಅವಳಿಗೆ ತೋರಿಸದೆ ಮುಚ್ಚಿಟ್ಟಿದ್ದ ದೇಹ ಅವಳ ಕೈಯಲ್ಲಿತ್ತು. ಅವನಿಗೆ ನಾಚಿಕೆಪಡಲೂ ಶಕ್ತಿಯಿರಲಿಲ್ಲ.

"ತಗದ ನೋಡಬ್ಯಾಡ ಅಂದಾರ. ಹತ್ತ ಮಿನಿಟ. ಎಣಸ್ರಿ ನೀವು."

"ನನಗ ಆಗೂದಿಲ್ಲ."

"ಎಣಸ್ರಿ!"

ಅವನು ಎಣಿಸಿದ. ನಡುವೆ ತಪ್ಪಿದ, ಮತ್ತೆ ಒಂದರಿಂದ ಶುರುಮಾಡಿದ. ಬಾಗಿಲಲ್ಲಿ ಮಲಕವ್ವ ನಿಂತಿದ್ದಳು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಸೊಸೆಯ ಕೈಬೆರಳುಗಳನ್ನೇ ನೋಡುತ್ತಿದ್ದಳು. ಆರುನೂರರ ತನಕ ಎಣಿಸಿದ ಮೇಲೆ ಸುಂದರಾ ಪಟ್ಟಿಯನ್ನು ನಿಧಾನವಾಗಿ ಎತ್ತಿದಳು. ಒಂದು ಹೊಲಿಗೆಯ ಬದಿಗೆ ಕಪ್ಪು ಚುಕ್ಕೆಯೊಂದಿತ್ತು. ರಕ್ತ ನಿಂತಿತ್ತು.

ಮಲಕವ್ವ ಆಗ ಗೋಡೆ ಹಿಡಿದು ಕೆಳಗೆ ಕುಳಿತಳು. ಹದಿಮೂರು ವರ್ಷದಲ್ಲಿ ಜನರೆದುರು ಎಷ್ಟೋ ಸಲ ಅತ್ತಿದ್ದಳು. ಈಗಿನ ಅಳು ಬೇರೆಯಾಗಿತ್ತು, ಅದರಲ್ಲಿ ದನಿಯೇ ಇರಲಿಲ್ಲ. "ಇಷ್ಟ?" ಎಂದಳು. "ಇಷ್ಟ ಹೊತ್ತ?"

ಸುಂದರಾ ರಕ್ತದ ಪಟ್ಟಿಯನ್ನು ಮಡಿಸಿ ಬದಿಗಿಟ್ಟಳು.

ಹತ್ತು ದಿನಕ್ಕೆ ಬಾವು ಇಳಿಯಿತು. ಮೂರನೆಯ ವಾರದಲ್ಲಿ ಹೊಲಿಗೆಗಳು ಉದುರಿದವು. ಡಾಕ್ಟರು ನೋಡಿ, ಎಲ್ಲ ಸರಿಯಾಗಿದೆ ಎಂದರು. ಮೊದಮೊದಲು ಬಟ್ಟೆ ತಾಗಿದರೂ ಜುಮ್ಮೆನ್ನುತ್ತಿತ್ತು. ಕ್ರಮೇಣ ಅದೂ ಹೋಯಿತು. ಮಳೆ ಬೀಳುವ ಹೊತ್ತಿಗೆ ಹಾಲಸಿದ್ದ ಮನೆಯೊಳಗೆ ಮಲಗತೊಡಗಿದ್ದ. ಅಣ್ಣನ ದನಿ ಹೋಯಿತೇ ಎಂದು ಸುಂದರಾ ಒಮ್ಮೆ ಕೇಳಿದಳು. ಇಲ್ಲ, ಕಡಿಮೆಯಾಗಿದೆ, ಎಂದ. ಸುಳ್ಳು ಹೇಳುವುದು ಅವನಿಗೆ ಸಾಕಾಗಿತ್ತು.

ಮಲಕವ್ವ ಮಾತ್ರ ಉಣ್ಣುವುದನ್ನು ಕಡಿಮೆ ಮಾಡಿದಳು. ಕೂತಲ್ಲಿ ತನ್ನ ಎಡಗೈ ಮಣಿಕಟ್ಟನ್ನು ಬಲಗೈ ಬೆರಳಿಂದ ಒತ್ತಿ ಹಿಡಿದು ತುಟಿಯಲ್ಲಿ ಏನೋ ಎಣಿಸುತ್ತಿದ್ದಳು. ಒಂದು ಬೆಳಿಗ್ಗೆ ಮಗನನ್ನು ಕರೆದಳು.

"ಅಕ್ಕೋಳಕ್ಕ ಹೋಗೂಣು ನಡಿ."

"ಅಲ್ಲ್ಯಾರ ಅದಾರ?"

"ರಾಮವ್ವ. ನಿಮ್ಮಣ್ಣಗ ಗೊತ್ತ ಮಾಡಿದಾಕಿ. ಆಕಿ ಕಾಲ್ಗುಣ ಸರಿಯಿಲ್ಲ, ಲಗ್ನಕ್ಕ ಮೊದಲ ಗಂಡನ್ನ ನುಂಗಿದ್ಲು ಅಂತ ಮಂದಿ ಅಂದ್ರು. ನಾನೂ ಅಂದ್ನಿ. ಎಲ್ಲಾರಿಗಿಂತ ಮೊದಲ ನಾನ ಅಂದ್ನಿ. ನಾಕೈದ ವರ್ಷ ಯಾರೂ ಆಕಿನ್ನ ಕೇಳಾಕ ಬರಲಿಲ್ಲ. ಆಮ್ಯಾಲ ಎರಡನೇ ಸಂಬಂಧಕ್ಕ ಕೊಟ್ರು."

ಚಿಕ್ಕೋಡಿಗೆ ಹೋಗಿ, ನಿಪ್ಪಾಣಿ ಬಸ್ಸು ಹಿಡಿದು, ಅಲ್ಲಿಂದ ಅಕ್ಕೋಳಕ್ಕೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ರಾಮವ್ವ ಮನೆಯ ಪಡಸಾಲೆಯಲ್ಲಿ ಬೀಡಿ ಕಟ್ಟುತ್ತ ಕುಳಿತಿದ್ದಳು. ಮೂವತ್ತೈದರ ಒಳಗಿನ ಹೆಂಗಸು. ಹಣೆಯ ಕೂದಲು ಆಗಲೇ ಬೆಳ್ಳಗಾಗಿತ್ತು. ಮಲಕವ್ವನನ್ನು ಗುರುತಿಸಿ ಅವಳ ಕೈ ಒಂದು ಕ್ಷಣ ನಿಂತಿತು. ಕೂಡ್ರಿ ಎನ್ನಲಿಲ್ಲ. ಮಲಕವ್ವ ನೆಲದ ಮೇಲೆ ತಾನೇ ಕುಳಿತಳು. ಹೊಲದ ಗುಡಿಸಲಿನಿಂದ ಹಿಡಿದು ಹಿಮ್ಮಡಿಯ ಮುಳ್ಳಿನವರೆಗೆ ಹೇಳಿದಳು. ಚಕ್ಕಡಿಯ ಮಾತಿಗೆ ಬಂದಾಗ ತಡೆದಳು. ಹಾಲಸಿದ್ದ ಅದನ್ನು ಮುಗಿಸಿದ.

ರಾಮವ್ವ ಬೀಡಿ ಎಲೆ ಕತ್ತರಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಹಾಲಸಿದ್ದನನ್ನು ನೋಡಿದಳು.

"ಅಂವ ನನ್ನ ಹೆಸರ ಹೇಳಿದ್ನೇನ?"

ಹೌದೆನ್ನಲು ಹಾಲಸಿದ್ದನ ಬಾಯಿಗೆ ಬಂದಿತ್ತು. ನುಂಗಿಕೊಂಡ.

"ಇಲ್ಲಕ್ಕಾ. ನೀರ ಕೇಳಿದ, ಅಷ್ಟ."

ಅವಳು ತಲೆಯಾಡಿಸಿದಳು. ಮೊರದಲ್ಲಿದ್ದ ತಂಬಾಕನ್ನು ಬದಿಗಿಟ್ಟು, ಕೈ ಒರೆಸಿಕೊಂಡು ಎದ್ದಳು. ಮಲಕವ್ವ ಅವಳ ಪಾದ ಮುಟ್ಟಲು ಬಾಗಿದಾಗ ಹಿಂದೆ ಸರಿದಳು.

"ಅದ ಬ್ಯಾಡ. ಈ ಮನಿಗೆ ಬಂದ ಎಂಟ ವರ್ಷ ಆತು. ಹೊಲದಾಗ ಬೆಳಿ ಹೋದ್ರ ನನ್ನ ಕಾಲ್ಗುಣ, ಎಮ್ಮಿ ಸತ್ರ ನನ್ನ ಕಾಲ್ಗುಣ. ನನ್ನ ಒಬ್ಬಾಕಿ ಮುಂದ ಹೇಳಿ ನೀ ಹಗರ ಆಗಿ ಹೋಗಬ್ಯಾಡ." ಅವಳು ಒಳಮನೆಯ ಕಡೆ ತಿರುಗಿ ಕೂಗಿದಳು. "ಅತ್ತೀ, ಹೊರಗ ಬರ್ರಿ. ಮಾವಗೂ ಕರೀರಿ."

ಅವಳ ಅತ್ತೆ ಭೀಮಾಬಾಯಿ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಹಿಂದೆ ಮುದುಕ ಬಂದ. ಎದುರು ಮನೆಯ ಇಬ್ಬರು ಹೆಂಗಸರು ಬೀಡಿಯ ಮೊರ ಹಿಡಿದುಕೊಂಡೇ ಕಟ್ಟೆಯ ಹತ್ತಿರ ಬಂದು ನಿಂತರು.

"ಈಕಿ ಯಾರು?" ಎಂದಳು ಭೀಮಾಬಾಯಿ.

ಹಾಲಸಿದ್ದ ಬಾಯಿ ತೆರೆದ. ಮಲಕವ್ವ ಅವನ ಮೊಣಕೈ ಹಿಡಿದು ತಡೆದಳು. ಕಂಬ ಹಿಡಿದು ಎದ್ದು ನಿಂತಳು.

"ನಾನು ಭರಮೂನ ಅವ್ವ," ಎಂದಳು. "ನನ್ನ ಮಗಗ ಹಾವ ಕಚ್ಚಿರಲಿಲ್ಲ."

ಮತ್ತೆ ಮೊದಲಿನಿಂದ ಹೇಳತೊಡಗಿದಳು. ಈ ಸಲ ಚಕ್ಕಡಿಯ ಮಾತು ಬಂದಾಗ ಬೇರೆ ಯಾರೂ ಮುಗಿಸಬೇಕಾಗಲಿಲ್ಲ.